ಅಚ್ಚಿಗೇರಿದ ವಿಮಾನ, ಅಚ್ಚಿಗೇರದ ವಿಮಾನ

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಶೈಕ್ಷಣಿಕ ಪ್ರವಾಸ ಹೋಗಿ ಬಂದ ಮಕ್ಕಳು ಅಲ್ಲಿ ನಿಲ್ಲಿಸಿರುವ ಯುದ್ಧವಿಮಾನವೊಂದನ್ನು ಮರೆಯುವುದು ಕಷ್ಟ. ಚೂಪಾದ ಮೂಗು, ಹಿಂದಕ್ಕೆ ಬಾಗಿದ ರೆಕ್ಕೆಗಳು, ನಡುಭಾಗದಲ್ಲಿ ಕೊಂಚ ಸಪೂರವಾದ ಒಡಲು. ಅದರ ಹೆಸರು ಎಚ್‌ಎಫ್-24 ಮಾರುತ. ಭಾರತದಲ್ಲಿ ರೂಪುಗೊಂಡ ಮೊದಲ ಜೆಟ್ ಯುದ್ಧವಿಮಾನ ಅದು. ಹುಟ್ಟಿದ್ದು ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ.

ಪ್ರವಾಸದಿಂದ ಮರಳಿದ ಬಾಲಕನೊಬ್ಬ ಅದರ ಪ್ಲಾಸ್ಟಿಕ್ ಮಾದರಿಯನ್ನು ಜೋಡಿಸಬೇಕೆಂದು ಹಟ ಹಿಡಿದರೆ ತಂದೆತಾಯಿಯರಿಗೆ ಒಂದು ವಿಚಿತ್ರ ಅನುಭವ ಕಾದಿರುತ್ತದೆ. ಅಂಗಡಿಯಲ್ಲಿ ಬ್ರಿಟನ್ನಿನ ಸ್ಪಿಟ್‌ಫೈರ್ ಸಿಕ್ಕೀತು, ಅಮೆರಿಕದ ಮಸ್ಟಾಂಗ್ ಸಿಕ್ಕೀತು, ಜಪಾನಿನ ಜೀರೋ ಸಿಕ್ಕೀತು, ಜರ್ಮನಿಯ ಮೆಸ್ಸರ್‌ಶ್ಮಿಟ್ ಕೂಡ ಸಿಕ್ಕೀತು. ಮಾರುತ ಮಾತ್ರ ಸಿಗದು. ಏರ್‌ಫಿಕ್ಸ್, ರೆವೆಲ್, ತಮಿಯಾ, ಹಸೆಗಾವಾ ಮೊದಲಾದ ಹೆಸರಾಂತ ಸಂಸ್ಥೆಗಳಾವುವೂ ಅದನ್ನು ಅಚ್ಚಿಗೇರಿಸಿಲ್ಲ. ಜಗತ್ತಿನ ಮಕ್ಕಳ ಮೇಜಿನ ಮೇಲೆ ಯಾವ ವಿಮಾನ ಕೂರಬೇಕು, ಯಾವುದು ಕೂರಬಾರದು ಎಂಬುದನ್ನು ಯಾರು ತೀರ್ಮಾನಿಸುತ್ತಾರೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ.

ಈ ಪ್ರಶ್ನೆಗೆ ಉತ್ತರ ದೊರೆಯಬೇಕಾದರೆ ಮೊದಲು ಕಿಟ್ ಎಂಬುದು ಹೇಗೆ ತಯಾರಾಗುತ್ತದೆ ಎಂಬುದನ್ನು ತಿಳಿಯಬೇಕು. ವಿಮಾನದ ಪ್ರತಿಯೊಂದು ಭಾಗದ ಆಕಾರವನ್ನೂ ಉಕ್ಕಿನ ಗಟ್ಟಿಯಲ್ಲಿ ತಗ್ಗಾಗಿ ಕೊರೆಯುತ್ತಾರೆ. ಎರಡು ಉಕ್ಕಿನ ಅಚ್ಚುಗಳನ್ನು ಒಂದಕ್ಕೊಂದು ಒತ್ತಿ ಹಿಡಿದು, ಕರಗಿದ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಭಾರಿ ಒತ್ತಡದಲ್ಲಿ ಒಳಗೆ ನುಗ್ಗಿಸುತ್ತಾರೆ. ಅದು ಆರಿ ಗಟ್ಟಿಯಾದ ಮೇಲೆ ಅಚ್ಚು ತೆರೆದರೆ, ರೆಕ್ಕೆ, ಬಾಲ, ಚಕ್ರ, ಚಾಲಕನ ಆಸನಗಳೆಲ್ಲವೂ ಒಂದು ಚೌಕಟ್ಟಿಗೆ ಅಂಟಿಕೊಂಡು ಹೊರಬರುತ್ತವೆ. ಒಳಗೆ ಸುರಿಯುವ ಪ್ಲಾಸ್ಟಿಕ್ಕಿಗೆ ತಗಲುವ ವೆಚ್ಚ ಅತ್ಯಲ್ಪ. ನಿಜವಾದ ವೆಚ್ಚವೆಲ್ಲ ಉಕ್ಕನ್ನು ಕೊರೆಯುವುದರಲ್ಲಿದೆ.

ಉದಾಹರಣೆಗಾಗಿ ಒಂದು ಲೆಕ್ಕ. ಅಚ್ಚೊಂದಕ್ಕೆ 50 ಲಕ್ಷ ರೂಪಾಯಿ ತಗಲುತ್ತದೆ ಎಂದು ಭಾವಿಸಿದರೆ, ಅದರಿಂದ ಒಂದು ಲಕ್ಷ ಕಿಟ್ ಮಾರಾಟವಾದಾಗ ಪ್ರತಿ ಕಿಟ್ಟಿನ ಮೇಲೆ ಬೀಳುವ ಹೊರೆ 50 ರೂಪಾಯಿ. ಎರಡೇ ಸಾವಿರ ಮಾರಾಟವಾದರೆ ಆ ಹೊರೆ 2,500 ರೂಪಾಯಿ. ವಿಮಾನ ಒಂದೇ, ಶ್ರಮ ಒಂದೇ, ಪ್ಲಾಸ್ಟಿಕ್ಕೂ ಒಂದೇ. ಕೊಳ್ಳುವವರ ಸಂಖ್ಯೆಯೊಂದೇ ಆ ಹೊರೆಯನ್ನು ಐವತ್ತು ಪಟ್ಟು ಏರಿಸುತ್ತದೆ. ಪುಸ್ತಕ ಮುದ್ರಿಸುವವರಿಗೆ ಈ ಲೆಕ್ಕ ಹೊಸದಲ್ಲ. ಕನ್ನಡದಲ್ಲಿ ಮುದ್ರಣಕ್ಕೂ ಎರಕದ ಪಡಿಯಚ್ಚಿಗೂ ‘ಅಚ್ಚು’ ಎಂಬ ಒಂದೇ ಮಾತು ಸಲ್ಲುವುದು ಆಕಸ್ಮಿಕವಿರಲಾರದು.

ಆದುದರಿಂದಲೇ ಸಂಸ್ಥೆಗಳು ಖಚಿತವಾಗಿ ಮಾರಾಟವಾಗುವ ವಿಷಯವನ್ನೇ ಮತ್ತೆ ಮತ್ತೆ ಆರಿಸಿಕೊಂಡವು. 1936ರಲ್ಲಿ ಇಂಗ್ಲೆಂಡಿನಲ್ಲಿ ‘ಫ್ರಾಗ್ ಪೆಂಗ್ವಿನ್’ ಹೆಸರಿನಲ್ಲಿ ಪ್ಲಾಸ್ಟಿಕ್ ವಿಮಾನ ಕಿಟ್‌ಗಳು ಮೊದಲಾದವು. ಅವುಗಳ ಪ್ರಮಾಣ 72ಕ್ಕೆ 1. ಅಂದರೆ ಆರು ಅಡಿ ಎತ್ತರದ ಮನುಷ್ಯ ಒಂದು ಅಂಗುಲಕ್ಕೆ ಇಳಿಯುತ್ತಾನೆ. ಈ ಪ್ರಮಾಣ ಇಂದಿಗೂ ಜನಪ್ರಿಯ. ಅದೇ ಇಂಗ್ಲೆಂಡಿನ ಏರ್‌ಫಿಕ್ಸ್ ಸಂಸ್ಥೆ 1953ರಲ್ಲಿ ತನ್ನ ಮೊದಲ ವಿಮಾನ ಕಿಟ್ಟಾಗಿ ಆರಿಸಿಕೊಂಡದ್ದು ಸ್ಪಿಟ್‌ಫೈರನ್ನು. 1940ರಲ್ಲಿ ಬ್ರಿಟನ್ನಿನ ಆಕಾಶವನ್ನು ಕಾಯ್ದ ವಿಮಾನ ಅದು. ಅದರ ಕಥೆ ಕೇಳುತ್ತ ಬೆಳೆದ ಮಕ್ಕಳು ಮನೆಮನೆಯಲ್ಲೂ ಇದ್ದರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಸ್ಪಿಟ್‌ಫೈರ್‌ಗಳು ಹಲವು ಬಗೆಗಳಲ್ಲಿ ತಯಾರಾಗಿ ಹಲವು ದೇಶಗಳ ವಾಯುಪಡೆಗಳಲ್ಲಿ ಹಾರಿದುದರಿಂದ, ಹೊಸ ಬಣ್ಣ, ಹೊಸ ಲಾಂಛನದ ಹಾಳೆ ಸೇರಿಸಿ ಒಂದೇ ಅಚ್ಚಿನಿಂದ ಹಲವು ಪೆಟ್ಟಿಗೆಗಳನ್ನು ಮಾರಲು ಸಾಧ್ಯವಾಯಿತು.

ಹಾಗಾದರೆ ಹೆಚ್ಚು ತಯಾರಾದ ವಿಮಾನವೇ ಹೆಚ್ಚು ಮಾದರಿಗಳನ್ನು ಪಡೆಯುತ್ತದೆಯೇ? ಈ ಮಾತನ್ನು ಪರೀಕ್ಷಿಸಲು ಒಬ್ಬನೇ ಶಿಲ್ಪಿಯ ಎರಡು ವಿಮಾನಗಳನ್ನು ಎದುರುಬದುರು ಇರಿಸಿ ನೋಡಬಹುದು. ಆ ಶಿಲ್ಪಿ ಜರ್ಮನಿಯ ಕುರ್ಟ್ ಟ್ಯಾಂಕ್. ಅವನ ವಿನ್ಯಾಸದ ಫೋಕ್-ವುಲ್ಫ್ 190 ವಿಮಾನವು 1939ರ ಜೂನ್ 1ರಂದು ಮೊದಲು ಹಾರಿತು. ಎರಡನೆಯ ಮಹಾಯುದ್ಧ ಮುಗಿಯುವಷ್ಟರಲ್ಲಿ ಇಪ್ಪತ್ತು ಸಾವಿರ ಸಂಖ್ಯೆಯಲ್ಲಿ ತಯಾರಾಯಿತು. ಯುದ್ಧಾನಂತರ ಅರ್ಜೆಂಟೀನಾದಲ್ಲಿ ಕೆಲಸ ಮಾಡಿದ ಟ್ಯಾಂಕ್ 1956ರಲ್ಲಿ ಭಾರತಕ್ಕೆ ಬಂದನು. ಬೆಂಗಳೂರಿನಲ್ಲಿ ಭಾರತೀಯ ತಂತ್ರಜ್ಞರೊಡಗೂಡಿ ಅವನು ರೂಪಿಸಿದ ವಿಮಾನವೇ ಮಾರುತ.

ಮಾರುತದ ಕಥೆ ಮಾದರಿ ಕಟ್ಟುವವರಿಗೆ ವಿಶೇಷವಾಗಿ ಹಿಡಿಸುವಂಥದು. ಏಕೆಂದರೆ ಅದು ಸ್ವತಃ ಮಾದರಿಯೊಂದರಿಂದ ಆರಂಭವಾಯಿತು. ಜೆಟ್ ಎಂಜಿನ್ ಕೂಡಿಸುವ ಮುನ್ನ ಅದೇ ಆಕಾರದ, ಅದೇ ಗಾತ್ರದ ಮರದ ಗ್ಲೈಡರ್ ಒಂದನ್ನು ಕಟ್ಟಲಾಯಿತು. 1959ರಲ್ಲಿ ಡಕೋಟ ವಿಮಾನವೊಂದು ಅದನ್ನು ಹಗ್ಗದಿಂದ ಆಕಾಶಕ್ಕೆ ಎಳೆದೊಯ್ದು ಬಿಡುತ್ತಿತ್ತು. ರೆಕ್ಕೆಗಳ ಗುಣವನ್ನು ಹೀಗೆ ಪರೀಕ್ಷಿಸಲಾಯಿತು. 1961ರ ಜೂನ್ 17ರಂದು ನಿಜವಾದ ಮಾರುತ ಸುರಂಜನ್ ದಾಸ್ ಅವರ ಕೈಯಲ್ಲಿ ಮೊದಲ ಬಾರಿಗೆ ಹಾರಿತು. 1970ರ ಜನವರಿಯಲ್ಲಿ ಮಾರುತದ ಸುಧಾರಿತ ಮಾದರಿಯನ್ನು ಪರೀಕ್ಷಿಸುತ್ತಿದ್ದಾಗಲೇ ಅವರು ಅಪಘಾತದಲ್ಲಿ ಮಡಿದರು. ಬೆಂಗಳೂರಿನ ಎಚ್‌ಎಎಲ್ ಪರಿಸರದ ರಸ್ತೆಯೊಂದಕ್ಕೆ ಇಂದೂ ಅವರ ಹೆಸರಿದೆ. ಶಬ್ದದ ಎರಡು ಪಟ್ಟು ವೇಗವನ್ನು ಗುರಿಯಾಗಿಟ್ಟುಕೊಂಡು ವಿನ್ಯಾಸಗೊಂಡ ಒಡಲಿಗೆ ತಕ್ಕ ಎಂಜಿನ್ ಕೊನೆಗೂ ದೊರೆಯಲಿಲ್ಲ. ಎರಡು ಆರ್ಫಿಯಸ್ ಎಂಜಿನ್‌ಗಳೊಂದಿಗೆ ಇದ್ದ ಶಕ್ತಿಯಲ್ಲೇ ಅದು 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಭೂಸೇನೆಗೆ ನೆರವಾಯಿತು. ಒಟ್ಟು ತಯಾರಾದ ಮಾರುತಗಳ ಸಂಖ್ಯೆ 150ನ್ನು ಮುಟ್ಟಲಿಲ್ಲ.

ಇಪ್ಪತ್ತು ಸಾವಿರ ಒಂದು ಕಡೆ, ನೂರೈವತ್ತು ಇನ್ನೊಂದು ಕಡೆ. ಫೋಕ್-ವುಲ್ಫ್ ಎಲ್ಲ ಪ್ರಮುಖ ಸಂಸ್ಥೆಗಳ ಪಟ್ಟಿಯಲ್ಲಿರುವುದಕ್ಕೂ ಮಾರುತ ಇಲ್ಲದಿರುವುದಕ್ಕೂ ಇದೇ ಕಾರಣವೆಂದು ತೋರಬಹುದು. ಆದರೆ ಕಾಂಕಾರ್ಡ್ ಈ ವಾದವನ್ನು ಮುರಿಯುತ್ತದೆ. ಶಬ್ದಕ್ಕಿಂತ ವೇಗವಾಗಿ ಹಾರಿದ ಆ ಪ್ರಯಾಣಿಕ ವಿಮಾನ ತಯಾರಾದದ್ದು ಕೇವಲ 20. ಆದರೂ ಅದರ ಕಿಟ್‌ಗಳಿಗೆ ಎಂದೂ ಬರವಿಲ್ಲ. ಜರ್ಮನಿಯ ಹಾರ್ಟನ್ 229 ಎಂಬ ಬಾಲವಿಲ್ಲದ ಜೆಟ್ ವಿಮಾನ ಯುದ್ಧಾಂತ್ಯದ ವೇಳೆಗೆ ಪ್ರಾಯೋಗಿಕ ಹಂತವನ್ನೇ ದಾಟಿರಲಿಲ್ಲ. ಅದಕ್ಕೂ ಹಲವು ಸಂಸ್ಥೆಗಳ ಕಿಟ್‌ಗಳಿವೆ. ಆದ್ದರಿಂದ ಎಷ್ಟು ವಿಮಾನ ಹಾರಿದವು ಎಂಬುದಕ್ಕಿಂತ, ಅದರ ಕಥೆಯನ್ನು ಎಷ್ಟು ಜನ ಕೇಳಿದ್ದಾರೆ, ಅವರಲ್ಲಿ ಎಷ್ಟು ಜನ ಕಿಟ್ ಕೊಳ್ಳಬಲ್ಲವರು ಎಂಬುದೇ ಮುಖ್ಯ. ಕಿಟ್ ತಯಾರಿಸುವ ದೊಡ್ಡ ಸಂಸ್ಥೆಗಳು ಬೆಳೆದದ್ದು ಬ್ರಿಟನ್, ಅಮೆರಿಕ, ಜರ್ಮನಿ, ಜಪಾನ್‌ಗಳಲ್ಲಿ. ಅವುಗಳ ಗಿರಾಕಿಗಳೂ ಬಹುಪಾಲು ಅಲ್ಲಿಯವರೇ. ಅವರು ಕೇಳಿದ್ದು ತಮ್ಮ ಅಜ್ಜಂದಿರು ಹಾರಿಸಿದ, ಇಲ್ಲವೇ ಎದುರಿಸಿದ ವಿಮಾನಗಳನ್ನು.

ಖ್ಯಾತಿಯು ಯೋಗ್ಯತೆಯ ಅಳತೆಗೋಲಲ್ಲ ಎಂಬುದಕ್ಕೂ ಫೋಕ್-ವುಲ್ಫ್ ಪೆಟ್ಟಿಗೆಯೇ ಸಾಕ್ಷಿ. ಆ ವಿಮಾನ ದುಡಿದದ್ದು ನಾಜಿ ಆಡಳಿತಕ್ಕಾಗಿ. ನಾಜಿ ಸ್ವಸ್ತಿಕವನ್ನು ಸಾರ್ವಜನಿಕವಾಗಿ ಬಳಸುವುದನ್ನು ಜರ್ಮನಿಯ ದಂಡಸಂಹಿತೆಯ 86ಎ ವಿಧಿ ನಿರ್ಬಂಧಿಸುತ್ತದೆ. ಆದಕಾರಣ ಎಷ್ಟೋ ಕಿಟ್‌ಗಳ ಪೆಟ್ಟಿಗೆಯ ಚಿತ್ರದಲ್ಲಿ ವಿಮಾನದ ಬಾಲ ಖಾಲಿಯಾಗಿರುತ್ತದೆ. ಕೆಲವು ಲಾಂಛನದ ಹಾಳೆಗಳಲ್ಲಿ ಆ ಗುರುತನ್ನು ತುಂಡುಗಳಾಗಿ ಮುದ್ರಿಸಿರುತ್ತಾರೆ. ಕಾನೂನು ಒಂದು ಚಿಹ್ನೆಯನ್ನು ಅಳಿಸಬಲ್ಲದು, ಬೇಡಿಕೆಯನ್ನು ಅಳಿಸಲಾರದು.

ಇದರ ಪರಿಣಾಮ ಅಂಗಡಿಯ ಕಪಾಟಿನಲ್ಲೇ ನಿಲ್ಲುವುದಿಲ್ಲ. ಮಾದರಿ ಜೋಡಿಸುವ ಮಗು ಆ ವಿಮಾನದ ಎಂಜಿನ್, ಬಣ್ಣ, ಚಾಲಕ, ಯುದ್ಧ ಎಲ್ಲವನ್ನೂ ತನ್ನಷ್ಟಕ್ಕೆ ಕಲಿಯುತ್ತದೆ. ಪಠ್ಯಪುಸ್ತಕ ಕಲಿಸದ ಇತಿಹಾಸವನ್ನು ಪ್ಲಾಸ್ಟಿಕ್ ಕಲಿಸುತ್ತದೆ. ಹೀಗಾಗಿ ಖ್ಯಾತ ವಿಮಾನಕ್ಕೆ ಕಿಟ್ ಬರುತ್ತದೆ, ಕಿಟ್ ಬಂದುದರಿಂದ ಖ್ಯಾತಿ ಇನ್ನಷ್ಟು ಬೆಳೆಯುತ್ತದೆ. ಅಚ್ಚಿಗೇರದ ವಿಮಾನ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಬಿಸಿಲಿಗೂ ಮಳೆಗೂ ನಿಂತಿರುತ್ತದೆ.

ಈ ಸುತ್ತನ್ನು ಮುರಿದವರು ಇಲ್ಲವೆಂದಲ್ಲ. ಜೆಕೊಸ್ಲೊವಾಕಿಯ ಚಿಕ್ಕ ದೇಶವಾಗಿತ್ತು. ಅಲ್ಲಿಯ ಏವಿಯಾ ಬಿ-534 ಎಂಬ ಎರಡಂತಸ್ತಿನ ರೆಕ್ಕೆಯ ವಿಮಾನವನ್ನಾಗಲಿ, ಎಲ್-29 ಎಂಬ ತರಬೇತಿ ಜೆಟ್ಟನ್ನಾಗಲಿ ಲಂಡನ್ ಅಥವಾ ಟೋಕಿಯೊದ ಸಂಸ್ಥೆಗಳು ತಾವಾಗಿ ಅಚ್ಚಿಗೇರಿಸಲಿ ಎಂದು ಅಲ್ಲಿಯವರು ಕಾಯಲಿಲ್ಲ. ಪ್ರೊಸ್ಟೆಯೊವ್ ಊರಿನ ಕಾರ್ಖಾನೆಯೊಂದು ಅವನ್ನು ತಾನೇ ಕೊರೆದು ಮಾರಿತು. ಅಲ್ಲಿ ಬೇರೂರಿದ ಆ ಕಸುಬು ಇಂದು ಜಗತ್ತಿನ ಅಪರೂಪದ ವಿಮಾನಗಳಿಗೆ ಆಶ್ರಯವಾಗಿದೆ. ಜೆಕ್ ದೇಶದ ಸಣ್ಣ ಸಂಸ್ಥೆಗಳು ಕಡಿಮೆ ವೆಚ್ಚದ, ಕಡಿಮೆ ಬಾಳಿಕೆಯ ಅಚ್ಚುಗಳಿಂದ ಕೆಲವೇ ಸಾವಿರ ಕಿಟ್ ತೆಗೆದು ಮಾರುತ್ತವೆ. ಭಾಗಗಳು ಅಷ್ಟು ನಯವಾಗಿರುವುದಿಲ್ಲ, ಉಜ್ಜಬೇಕು, ಹೊಂದಿಸಬೇಕು. ಆದರೆ ಬೇರೆಲ್ಲೂ ಸಿಗದ ವಿಮಾನ ಕೈಗೆ ಸಿಗುತ್ತದೆ.

ಭಾರತಕ್ಕೂ ಇದರಿಂದ ಒಂದು ಲಾಭವಾಗಿದೆ. 1965ರ ಯುದ್ಧದಲ್ಲಿ ಹೆಸರು ಗಳಿಸಿದ, ಬೆಂಗಳೂರಿನಲ್ಲೂ ತಯಾರಾದ ನ್ಯಾಟ್ ವಿಮಾನದ್ದು ಇದೇ ಬಗೆಯ ಕಥೆ. ಏರ್‌ಫಿಕ್ಸ್ ಬಹುಕಾಲದಿಂದ ಮಾರಿದ ನ್ಯಾಟ್ ಎರಡು ಆಸನದ ತರಬೇತಿ ವಿಮಾನ. ಬ್ರಿಟನ್ನಿನ ‘ರೆಡ್ ಆರೋಸ್’ ಪ್ರದರ್ಶನ ತಂಡ ಅದನ್ನು ಹಾರಿಸುತ್ತಿದ್ದುದರಿಂದ ಅದಕ್ಕೆ ಬೇಡಿಕೆ ಇತ್ತು. ಭಾರತದ ಚಾಲಕರು ಹಾರಿಸಿದ್ದು ಒಂಟಿ ಆಸನದ ಯುದ್ಧವಿಮಾನ. ಅದನ್ನು, ಅದರಿಂದ ಬೆಂಗಳೂರಿನಲ್ಲಿ ಬೆಳೆದ ‘ಅಜೀತ್’ ಅನ್ನು ಇತ್ತೀಚಿನ ವರ್ಷಗಳಲ್ಲಿ 72ಕ್ಕೆ 1ರ ಪ್ರಮಾಣದಲ್ಲಿ ತಂದದ್ದು ಜೆಕ್ ದೇಶದ ಸ್ಪೆಷಲ್ ಹಾಬಿ ಎಂಬ ಸಣ್ಣ ಸಂಸ್ಥೆ. ಕೇಳುವವರು ಇದ್ದಾರೆಂದು ಗೊತ್ತಾದಾಗ ಅಚ್ಚು ಕೊರೆಯುವವರೂ ಮುಂದೆ ಬರುತ್ತಾರೆ.

ಅಲ್ಲಿಯವರೆಗೆ ಮನೆಯಲ್ಲೇ ಒಂದು ದಾರಿಯಿದೆ. ಮಾರುತದ ಉದ್ದ 15.87 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್, ಎತ್ತರ 3.6 ಮೀಟರ್. ಪ್ರತಿಯೊಂದನ್ನೂ 72ರಿಂದ ಭಾಗಿಸಿದರೆ ಉದ್ದ 22 ಸೆಂಟಿಮೀಟರ್, ರೆಕ್ಕೆ 12.5, ಎತ್ತರ 5 ಸೆಂಟಿಮೀಟರ್ ಬರುತ್ತದೆ. ಐದನೆಯ ತರಗತಿಯ ಭಾಗಾಕಾರ ಇದಕ್ಕೆ ಸಾಕು. ಹಗುರವಾದ ಮರದ ತುಂಡನ್ನೋ ದಪ್ಪ ರಟ್ಟನ್ನೋ ಈ ಅಳತೆಗೆ ಕತ್ತರಿಸಿ, ಮರಳುಕಾಗದದಿಂದ ಉಜ್ಜಿ, ನಡುವನ್ನು ಸ್ವಲ್ಪ ಸಪೂರಗೊಳಿಸಿ ಬಣ್ಣ ಬಳಿದರೆ ಒಂದು ಮಾರುತ ಸಿದ್ಧವಾಗುತ್ತದೆ. ನಡುವೇಕೆ ಸಪೂರ ಎಂದು ಮಗು ಕೇಳಿದರೆ ಅದಕ್ಕೂ ಉತ್ತರವಿದೆ. ಶಬ್ದದ ವೇಗದ ಆಸುಪಾಸಿನಲ್ಲಿ ಗಾಳಿಯ ತಡೆ ಹಠಾತ್ತನೆ ಏರುತ್ತದೆ. ರೆಕ್ಕೆ ಸೇರುವ ಜಾಗದಲ್ಲಿ ಒಡಲನ್ನು ಕುಗ್ಗಿಸಿದರೆ ಒಟ್ಟು ಅಡ್ಡಕೊಯ್ತ ಸಮನಾಗಿ ಬದಲಾಗಿ ಆ ತಡೆ ತಗ್ಗುತ್ತದೆ.

ಅಂಥ ಮಾದರಿಯಲ್ಲಿ ಅಂಗಡಿಯ ಸ್ಪಿಟ್‌ಫೈರಿನ ನಯ ಇರದು. ಎಡಗಡೆಯ ರೆಕ್ಕೆ ಕೊಂಚ ದಪ್ಪವಾದೀತು, ಬಾಲ ಓರೆಯಾದೀತು. ಶಾಲೆಯ ವಿಜ್ಞಾನ ಪ್ರದರ್ಶನದ ಮೇಜಿನ ಮೇಲೆ ಅದನ್ನು ಇರಿಸಿದಾಗ ನೋಡಲು ಬಂದವರು ಇದಾವ ವಿಮಾನ ಎಂದು ಕೇಳಿಯೇ ಕೇಳುತ್ತಾರೆ. ಸ್ಪಿಟ್‌ಫೈರ್ ಮುಂದೆ ಯಾರೂ ಆ ಪ್ರಶ್ನೆ ಕೇಳುವುದಿಲ್ಲ. ಮಾರುತದ ಮುಂದೆ ನಿಂತ ಮಗುವಿಗೆ ಮಾತ್ರ ಆ ಕಥೆಯನ್ನು ಮೊದಲಿನಿಂದ ಹೇಳುವ ಅವಕಾಶ ದೊರೆಯುತ್ತದೆ.