ಹಳೆ ಗಾಡಿ, ಹಳೆ ಪುಸ್ತಕ



ನಿಮ್ಮ ಮನೆಯ ಕೊಟ್ಟಿಗೆ ಮೂಲೆಯಲ್ಲಿ ಗೋಣಿಚೀಲ ಹೊದಿಸಿಟ್ಟ ಹಳೆ ಜಾವಾ ಇದೆಯೇ? ಇಲ್ಲವೇ ಅಪ್ಪನ ಕಾಲದ ಬುಲೆಟ್ಟು, ಲ್ಯಾಂಬ್ರೆಟಾ? ಅಥವಾ ಗಾಡಿ ಗುಜರಿಗೆ ಹೋಗಿ, ಅದರ ಆರ್.ಸಿ. ಪುಸ್ತಕ ಮಾತ್ರ ಟ್ರಂಕಿನಲ್ಲಿ ಉಳಿದಿದೆಯೇ? ಹಾಗಿದ್ದರೆ ಇವತ್ತಿನ ಮಾತು ನಿಮಗಾಗಿಯೇ. ಹೊಸೂರು, ಡೆಂಕಣಿಕೋಟೆ ಸುತ್ತಿನ ನಮ್ಮ ಹಳ್ಳಿಗಳಿಗೆ ಹಳೆ ಗಾಡಿ ಹುಡುಕಿಕೊಂಡು ಬರುವವರಿದ್ದಾರೆ. ಗಾಡಿಯ ಮೇಲಿನ ಪ್ರೀತಿಯಿಂದ ಬರುವವರೇ ಹೆಚ್ಚು, ಅವರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕೆಲವರು ಗಾಡಿಯನ್ನು ಕೇಳುವುದೇ ಇಲ್ಲ. “ಪುಸ್ತಕ ಇದೆಯಾ ಯಜಮಾನ್ರೇ?” ಎನ್ನುತ್ತಾರೆ. ಹುಷಾರಾಗಬೇಕಾದದ್ದು ಅಲ್ಲಿ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ವಾಹನ ಸಾಲದ ಕಡತಗಳನ್ನು ಬಹಳ ವರ್ಷ ನೋಡಿದ್ದೇನೆ. ಅಷ್ಟೆಲ್ಲ ನೋಡಿದ ನನ್ನ ಮನೆಯವರೇ ಮೋಸಹೋದರು ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಭಾವನವರ ಜಾವಾ ಮುರಿದು ಗುಜರಿಗೆ ಹೋಗಿತ್ತು. ಒಂದು ದಿನ ಒಬ್ಬಾತ ಬಂದು, ಪುಸ್ತಕ ಕೊಟ್ಟರೆ ಮೂರು ಸಾವಿರ ಕೊಡುತ್ತೇನೆ ಅಂದ. ರದ್ದಿ ಕಾಗದಕ್ಕೆ ಮೂರು ಸಾವಿರ! ಭಾವ ಪುಸ್ತಕ ಕೊಟ್ಟರು, ಎರಡು ಖಾಲಿ ಫಾರಂಗಳಿಗೆ ರುಜುವನ್ನೂ ಹಾಕಿಕೊಟ್ಟರು. ನನಗೆ ಒಂದು ಮಾತು ಹೇಳಲಿಲ್ಲ. ಎರಡು ವರ್ಷದ ಮೇಲೆ ಪೊಲೀಸರು ಬಂದರು. ಯಾರದೋ ಮನೆ ಮುಂದಿನಿಂದ ಕದ್ದ ಗಾಡಿ. ಅದರ ಕುತ್ತಿಗೆಯ ನಂಬರನ್ನು ಅರದಿಂದ ಉಜ್ಜಿ, ಭಾವನ ಪುಸ್ತಕದ ನಂಬರನ್ನು ಹೊಸದಾಗಿ ಕುಟ್ಟಿದ್ದರು. ಉಜ್ಜಿದ ಕಬ್ಬಿಣದ ಮೇಲೆ ರಾಸಾಯನಿಕ ಹಾಕಿದರೆ ಹಳೆ ನಂಬರು ಮತ್ತೆ ಕಾಣಿಸಿಕೊಳ್ಳುವುದುಂಟು, ಹಾಗೆಯೇ ಸಿಕ್ಕಿಬಿದ್ದಿತ್ತು. ಪುಸ್ತಕ ಕೊಂಡವನ ಹೆಸರು ಭಾವನಿಗೆ ಗೊತ್ತಿಲ್ಲ, ಒಂದು ಚೀಟಿಯೂ ಇಲ್ಲ. ಠಾಣೆಗೆ ಅಲೆದ ಬಸ್ ಚಾರ್ಜಿಗೇ ಆ ಮೂರು ಸಾವಿರ ಸಾಲಲಿಲ್ಲ. ಆ ವಯಸ್ಸಿನಲ್ಲಿ ಠಾಣೆಯ ಬೆಂಚಿನ ಮೇಲೆ ಕೂತಿದ್ದನ್ನು ಅವರು ಕೊನೆಯವರೆಗೂ ಮರೆಯಲಿಲ್ಲ.

ಮೋಸದ ಮರ್ಮ ಇಷ್ಟೇ. ಕದ್ದ ಗಾಡಿಗೆ ಕಾಗದವಿಲ್ಲ, ನಿಮ್ಮ ಕಾಗದಕ್ಕೆ ಗಾಡಿಯಿಲ್ಲ. ಎರಡನ್ನೂ ಜೋಡಿಸಿದರೆ ಒಂದು ‘ಅಸಲಿ’ ಹಳೆ ಗಾಡಿ ಹುಟ್ಟುತ್ತದೆ. ಆದ್ದರಿಂದ ಗಾಡಿ ಇಲ್ಲದ ಪುಸ್ತಕವನ್ನು ಯಾರಿಗೂ ಮಾರಬೇಡಿ, ದಾನವಾಗಿಯೂ ಕೊಡಬೇಡಿ. ಗಾಡಿ ನಾಶವಾದರೆ 14 ದಿನದೊಳಗೆ ಆರ್.ಟಿ.ಓ. ಕಚೇರಿಗೆ ತಿಳಿಸಿ, ಪುಸ್ತಕ ಒಪ್ಪಿಸಿ, ನೋಂದಣಿ ರದ್ದು ಮಾಡಿಸಬೇಕು ಎಂದು 1988ರ ಮೋಟಾರು ವಾಹನ ಕಾಯ್ದೆಯ 55ನೇ ಕಲಮು ಹೇಳುತ್ತದೆ. ತಡವಾಗಿದ್ದರೂ ಹೋಗಿ ಮಾಡಿಸಿ, ರಶೀದಿ ಇಟ್ಟುಕೊಳ್ಳಿ.

ಇನ್ನು ಕೊಳ್ಳುವವರ ಮಾತು. ನಿಮ್ಮ ಮಗನಿಗೋ ಅಳಿಯನಿಗೋ ಹಳೆ ಗಾಡಿಯ ಹುಚ್ಚು ಹತ್ತಿದೆ ಎನ್ನಿ. ದಲ್ಲಾಳಿ ಒಂದು ಹಳದಿಗಟ್ಟಿದ ಪುಸ್ತಕ ತೋರಿಸುತ್ತಾನೆ. ಕಾಗದವನ್ನು ಹಳದಿ ಮಾಡುವುದು ಕಷ್ಟವಲ್ಲ, ಟೀ ಡಿಕಾಕ್ಷನ್ ಸಾಕು. ನೀವು ಬಣ್ಣ ನೋಡಬೇಡಿ, ಇಸವಿ ನೋಡಿ. ನಮ್ಮ ಗಡಿ ಸೀಮೆಯವರಿಗೆ ಇದು ಸುಲಭ, ಏಕೆಂದರೆ ಊರು ಯಾವ ಕಾಲಕ್ಕೆ ಯಾವ ಜಿಲ್ಲೆಯಲ್ಲಿತ್ತು ಎಂಬುದನ್ನು ನಾವು ಅನುಭವಿಸಿಯೇ ಬಲ್ಲೆವು. ಧರ್ಮಪುರಿ ಜಿಲ್ಲೆಯಾದದ್ದು 1965ರಲ್ಲಿ. ಅದಕ್ಕೆ ಮುಂಚೆ ನಾವು ಸೇಲಂ ಜಿಲ್ಲೆ. ಕೃಷ್ಣಗಿರಿ ಜಿಲ್ಲೆ 2004ರದು. ಮದ್ರಾಸ್ ರಾಜ್ಯಕ್ಕೆ ತಮಿಳುನಾಡು ಎಂಬ ಹೆಸರು ಬಂದದ್ದು 1969ರ ಜನವರಿಯಲ್ಲಿ. ಆಚೆ ಕಡೆ ಮೈಸೂರು ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಹಾಗಿರುವಾಗ 1966ರ ಪುಟದಲ್ಲಿ ‘ಕರ್ನಾಟಕ ಸರ್ಕಾರ’ ಎಂಬ ಮೊಹರು ಇದ್ದರೆ ಅದು ಹೇಗೆ ಬಂತು? 1968ರ ವಿಳಾಸದಲ್ಲಿ ಪಿನ್ ಕೋಡ್ ಇದ್ದರೆ? ಪಿನ್ ಕೋಡ್ ಜಾರಿಗೆ ಬಂದದ್ದೇ 1972ರ ಆಗಸ್ಟ್ 15ರಂದು. ಟಿ.ಎನ್., ಕೆ.ಎ. ಎಂಬ ರಾಜ್ಯದ ಅಕ್ಷರಗಳಿಂದ ಶುರುವಾಗುವ ಈಗಿನ ನಂಬರು ಪದ್ಧತಿ 1988ರ ಕಾಯ್ದೆ 1989ರಲ್ಲಿ ಜಾರಿಯಾದ ನಂತರದ್ದು. ಗಾಡಿಯ ಹೆಸರನ್ನೂ ನೋಡಿ: ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳು ಯೆಜ್ಡಿ ಎಂಬ ಹೆಸರು ತಳೆದದ್ದು 1970ರ ದಶಕದಲ್ಲಿ. 1965ರ ಯೆಜ್ಡಿ ಎಂದು ಯಾರಾದರೂ ಮಾರಲು ಬಂದರೆ ಕಾಫಿ ಕೊಟ್ಟು ಕಳಿಸಿ. ಒಂದು ಮಾತು ಸೇರಿಸಬೇಕು: ಅಸಲು ಪುಸ್ತಕ ಕಳೆದು ನಕಲು ಪ್ರತಿ ತೆಗೆದಿದ್ದರೆ ಅದರಲ್ಲಿ ನಂತರದ ಮೊಹರು ಇರುವುದು ಸಹಜ. ಆಗ ಅದು ನಕಲು ಪ್ರತಿ ಎಂಬ ಬರಹವೂ, ಕೊಟ್ಟ ತಾರೀಖೂ ಇರಬೇಕು.

ಪುಸ್ತಕ ಸರಿಯಾದರೆ ಸಾಲದು, ಗಾಡಿಗೆ ಹೊಂದಬೇಕು. ಬ್ಯಾಂಕಿನಲ್ಲಿ ನಾವು ಪೆನ್ಸಿಲ್ ಪ್ರಿಂಟ್ ಕೇಳುತ್ತಿದ್ದೆವು. ಚಾಸಿಸ್ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜುವುದು. ನೀವೂ ಉಜ್ಜಿ. ಅಂಕೆಗಳು ಸೊಟ್ಟಪಟ್ಟ ಇವೆಯೇ, ಸುತ್ತಲಿನ ಲೋಹ ತಗ್ಗಾಗಿದೆಯೇ, ಅಲ್ಲಿ ಮಾತ್ರ ಹೊಸ ಬಣ್ಣ ಬಳಿದಿದೆಯೇ ಎಂಬುದು ಕಣ್ಣಿಗಿಂತ ಕಾಗದಕ್ಕೆ ಚೆನ್ನಾಗಿ ತಿಳಿಯುತ್ತದೆ. ಇಂಜಿನ್ ಬದಲಾಗಿದ್ದರೆ ಅದು ಪುಸ್ತಕದಲ್ಲಿ ನಮೂದಾಗಿರಬೇಕು.

ಆಮೇಲೆ ಮಕ್ಕಳ ಕೈಲಿ ‘ಪರಿವಾಹನ್’ ತಾಣದಲ್ಲಿ ನಂಬರು ಹಾಕಿಸಿ ನೋಡಿ. ಕಳವಾದ ಗಾಡಿಯೇ ಎಂದು ತಿಳಿಯಲು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ‘ವಾಹನ್ ಸಮನ್ವಯ್’ ಇದೆ. ಬಹಳ ಹಳೆ ಗಾಡಿಗಳ ದಾಖಲೆ ಕಂಪ್ಯೂಟರಿಗೆ ಏರದೇ ಇರಬಹುದು. ಆಗ ದಲ್ಲಾಳಿ “ಹಳೇದು ಸಾರ್, ಹಂಗೇ ಇರುತ್ತೆ, ನಾನು ಏರಿಸಿಕೊಡ್ತೀನಿ” ಎನ್ನುತ್ತಾನೆ. ಬೇಡ. ಮೂಲ ನೋಂದಣಿಯಾದ ಕಚೇರಿಗೆ ನೀವೇ ಹೋಗಿ ರಿಜಿಸ್ಟರು ವಿಚಾರಿಸಿ. ಅದು ಧರ್ಮಪುರಿಯೂ ಆಗಬಹುದು, ಸೇಲಂ ಕೂಡ ಆಗಬಹುದು. ದಾಖಲೆ ಸಿಗುವ ತನಕ ಮುಂಗಡ ಕೊಡಬೇಡಿ.

ದುಡ್ಡಿದ್ದವರಿಗೂ ಈ ತೊಂದರೆ ತಪ್ಪಿದ್ದಲ್ಲ. 2025ರ ಸೆಪ್ಟೆಂಬರಿನಲ್ಲಿ ಕೇರಳದಲ್ಲಿ ಕಸ್ಟಮ್ಸ್ ಇಲಾಖೆ ‘ಆಪರೇಷನ್ ನುಮ್ಖೋರ್’ ಎಂಬ ಹೆಸರಿನಲ್ಲಿ ದಾಳಿ ಮಾಡಿತು. ಭೂತಾನಿನಿಂದ ಕಳ್ಳದಾರಿಯಲ್ಲಿ ತಂದ ಗಾಡಿಗಳನ್ನು ನಕಲಿ ಕಾಗದ ಕೊಟ್ಟು ಇಲ್ಲಿ ನೋಂದಾಯಿಸಿದ್ದಾರೆ ಎಂಬುದು ಇಲಾಖೆಯ ಆರೋಪ.

ಈಗ ರುಜುವಿನ ವಿಚಾರ. 29 ಮತ್ತು 30ನೇ ನಮೂನೆಗಳು ಮಾಲೀಕತ್ವ ಬದಲಾವಣೆಯವು. ಕೊಳ್ಳುವವನ ಹೆಸರು, ವಿಳಾಸ, ತಾರೀಖು ತುಂಬದೆ ಎಂದಿಗೂ ರುಜು ಹಾಕಬೇಡಿ. ನಿಮ್ಮ ರಾಜ್ಯದೊಳಗೆ ಮಾರಿದರೆ 14 ದಿನದೊಳಗೆ ಕಚೇರಿಗೆ ತಿಳಿಸಬೇಕು. ಕೊಂಡವನಿಗೆ 30 ದಿನ. ಗಡಿ ದಾಟಿ ಅತ್ತಿಬೆಲೆ ಕಡೆಯವರಿಗೆ ಮಾರಿದರೆ ಎನ್.ಓ.ಸಿ. ಬೇಕೇ ಬೇಕು, ಅದಕ್ಕೆ 28ನೇ ನಮೂನೆ. “ಬಾರ್ಡರ್ ತಾನೇ, ಯಾರು ನೋಡ್ತಾರೆ” ಎನ್ನುವ ಮಾತು ನಮ್ಮಲ್ಲಿ ರೂಢಿಯಾಗಿದೆ. 2018ರಲ್ಲಿ ಸುಪ್ರೀಂ ಕೋರ್ಟು ನವೀನ್ ಕುಮಾರ್ ಮೊಕದ್ದಮೆಯಲ್ಲಿ ಹೇಳಿದ್ದನ್ನು ಅಂಥವರಿಗೆ ತಿಳಿಸಿ: ಗಾಡಿ ಎಷ್ಟು ಕೈ ದಾಟಿದ್ದರೂ ರಿಜಿಸ್ಟರಿನಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ.

ಪುಸ್ತಕದಲ್ಲಿ ಬ್ಯಾಂಕಿನ ಸಾಲದ ನಮೂದು ಹಾಗೇ ಉಳಿದಿದ್ದರೆ, ಸಾಲ ತೀರಿ ಮೂವತ್ತು ವರ್ಷವಾಗಿದ್ದರೂ, 35ನೇ ನಮೂನೆಗೆ ಬ್ಯಾಂಕಿನ ರುಜು ತೆಗೆದು ಅಳಿಸಿ. ಹಳೆ ಬ್ಯಾಂಕು ಬೇರೆಯದರಲ್ಲಿ ವಿಲೀನವಾಗಿದ್ದರೆ ಆ ಬ್ಯಾಂಕಿನ ಶಾಖೆಗೆ ಹೋಗಿ. ಗುಮಾಸ್ತರು ಗೊಣಗುತ್ತಾರೆ, ನಾನೂ ಗೊಣಗುತ್ತಿದ್ದೆ, ಆದರೂ ಬಿಡಬೇಡಿ.

50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ 2021ರ ನಿಯಮದಂತೆ ‘ವಿಂಟೇಜ್’ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ನಂಬರಿನಲ್ಲಿ ವಿ.ಎ. ಎಂಬ ಅಕ್ಷರ ಇರುತ್ತದೆ. ದಿನನಿತ್ಯದ ಓಡಾಟಕ್ಕೆ ಆ ಗಾಡಿ ಬಳಸುವಂತಿಲ್ಲ. ‘ವಿಂಟೇಜ್ ಆದರೆ ಪರಿಶೀಲನೆ ಇಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇಂದು ಸಂಜೆ ಟ್ರಂಕು ತೆಗೆದು ನೋಡಿ. ಪುಸ್ತಕ ಸಿಕ್ಕರೆ ಅದರ ಗಾಡಿ ಈಗ ಎಲ್ಲಿದೆ ಎಂದು ಮನೆಯ ಹಿರಿಯರನ್ನು ಕೇಳಿ.