ಜೋರಾದ ಫ್ಯುಯೆಲ್ ಪಂಪ್ ಹಾಕಿದರೆ ಹಳೆಯ ಕಾರಿನ ಶಕ್ತಿ ಹೆಚ್ಚುತ್ತದೆಯೇ?

ಬ್ರಿಟನ್ನಿನ ಎಂಜಿಬಿ ಸ್ಪೋರ್ಟ್ಸ್ ಕಾರು 1962ರಿಂದ 1980ರವರೆಗೆ ತಯಾರಾಯಿತು. ಇಂದಿಗೂ ಹಲವರು ಅದರ ಎಂಜಿನ್ನಿಗೆ ಹೊಸ ಬಲ ತುಂಬಿ ಓಡಿಸುತ್ತಾರೆ. ಹೆಚ್ಚು ಒತ್ತಡದ ಪಂಪ್ ಹಾಕಿದರೆ ಹೆಚ್ಚು ಶಕ್ತಿ ಸಿಗುತ್ತದೆ ಎಂದು ಅವರಲ್ಲಿ ಕೆಲವರು ನಂಬುತ್ತಾರೆ. ಇದು ನಿಜವೇ?

ಅಲ್ಲ. ಇದರ ಎಸ್‌ಯು ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಮೊದಲು ಪುಟ್ಟ ತೊಟ್ಟಿಯೊಂದಕ್ಕೆ ಬರುತ್ತದೆ. ಮನೆಯ ನೀರಿನ ಟ್ಯಾಂಕಿನಲ್ಲಿರುವಂತೆ ಅಲ್ಲೂ ಒಂದು ಫ್ಲೋಟ್ ಇರುತ್ತದೆ. ಪೆಟ್ರೋಲ್ ಮಟ್ಟ ಏರಿದಾಗ ಅದು ವಾಲ್ವನ್ನು ಮುಚ್ಚುತ್ತದೆ. ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಹೋಗಬೇಕೆಂದು ನಿರ್ಧರಿಸುವುದು ಜೆಟ್ ಮತ್ತು ಅದರೊಳಗಿನ ಸೂಜಿ, ಪಂಪ್ ಅಲ್ಲ.

ಒತ್ತಡ ಸುಮಾರು 3 ಪಿಎಸ್‌ಐ ಮೀರಿದರೆ ವಾಲ್ವ್ ಸರಿಯಾಗಿ ಮುಚ್ಚದೆ ಪೆಟ್ರೋಲ್ ಉಕ್ಕಬಹುದು. ಎಂಜಿಬಿಯ 1.8 ಲೀಟರ್ ಎಂಜಿನ್ನಿನಲ್ಲಿ ಕಾರ್ಬ್ಯುರೇಟರುಗಳ ಕೆಳಗೇ ಕಾದ ಹೊಗೆಕೊಳವೆ ಇದೆ. ಅಲ್ಲಿ ಬಿದ್ದ ಪೆಟ್ರೋಲಿನಿಂದ ಬೆಂಕಿ ಹೊತ್ತಿಕೊಳ್ಳಬಹುದು.

ಹಾಗಾದರೆ ಪಂಪ್ ಬದಲಿಸುವುದು ಯಾವಾಗ? ದೊಡ್ಡ ಎಂಜಿನ್ ಕೇಳುವಷ್ಟು ಪೆಟ್ರೋಲನ್ನು ಹಳೆಯದು ಪೂರೈಸದಿದ್ದಾಗ. ಆಗಲೂ ನೋಡಬೇಕಾದದ್ದು ನಿಮಿಷಕ್ಕೆ ಹರಿಯುವ ಪ್ರಮಾಣ. ಒತ್ತಡ ಹೆಚ್ಚಾದರೆ ರೆಗ್ಯುಲೇಟರ್ ಬೇಕು. ಫ್ಯುಯೆಲ್ ಇಂಜೆಕ್ಷನ್ನಿಗೆ ಬದಲಾಯಿಸುವುದಾದರೆ ಮಾತು ಬೇರೆ. ಅದಕ್ಕೆ ಸುಮಾರು 40 ಪಿಎಸ್‌ಐ ಬೇಕಾಗುವುದರಿಂದ ಪಂಪ್, ಪೈಪು, ಕ್ಲಿಪ್ಪುಗಳೆಲ್ಲ ಅದನ್ನು ತಾಳುವಂತಿರಬೇಕು.

ಇನ್ನೊಂದು ವಿಷಯ. 2021ರ ಸೆಪ್ಟೆಂಬರಿನಿಂದ ಗ್ರೇಟ್ ಬ್ರಿಟನ್ನಿನ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 10ರವರೆಗೆ ಎಥನಾಲ್ ಇರುತ್ತದೆ. ಇದು ಹಳೆಯ ರಬ್ಬರ್ ಪೈಪುಗಳನ್ನು ಹಾಳುಮಾಡಬಲ್ಲದು. ಆದ್ದರಿಂದ ಮೊದಲು ಎಥನಾಲ್ ತಾಳುವ ಪೈಪು ಹಾಕಿಸಿ. ಅಪಘಾತವಾದಾಗ ಪಂಪನ್ನು ತಾನಾಗಿ ನಿಲ್ಲಿಸುವ ಸ್ವಿಚ್ಚನ್ನೂ ಅಳವಡಿಸಿ. ಶಕ್ತಿಯ ಲೆಕ್ಕ ಆಮೇಲೆ.