ಸವಾರಿ ಕುದುರೆ ಕೊಳ್ಳುವವರಿಗೆ

ಹೊಲ ಸುತ್ತಿ ಬರಲಿಕ್ಕೆ, ಮನಸ್ಸಿನ ಖುಷಿಗೆ ಒಂದು ಕುದುರೆ ಕಟ್ಟಬೇಕು ಅನ್ನುವವರು ನಮ್ಮ ಹಿಪ್ಪರಗಿ ಸುತ್ತ ಇದ್ದಾರೆ. ಶರ್ಯತ್ತಿಗೂ ಅಲ್ಲ, ಮದುವೆ ಮೆರವಣಿಗೆಗೂ ಅಲ್ಲ. ಎತ್ತು ಕೊಳ್ಳುವಾಗ ನಮ್ಮನ್ನು ಮೋಸ ಮಾಡುವುದು ಸುಲಭವಲ್ಲ. ಕುದುರೆ ಸಂತೆಯಲ್ಲಿ ಮಾತ್ರ ಕಣ್ಣು ಕಟ್ಟುತ್ತದೆ. ಅಲ್ಲಿ ಹೊಗಳುವ ಗುಣವೇ ಬೇರೆ, ಸವಾರಿಗೆ ಬೇಕಾದ ಗುಣವೇ ಬೇರೆ.

ದೀಪಾವಳಿ ಹೊತ್ತಿಗೆ ಸೊಲ್ಲಾಪುರ ಜಿಲ್ಲೆಯ ಅಕ್ಲೂಜದಲ್ಲಿ, ದತ್ತ ಜಯಂತಿಗೆ ತಾಪಿ ದಂಡೆಯ ಸಾರಂಗಖೇಡದಲ್ಲಿ ಕುದುರೆ ಸೇರುತ್ತವೆ. ಕುಣಿಸಿ ತೋರಿಸುತ್ತಾರೆ. ದೇವಮಣಿ ಸುಳಿ, ಪಂಚಕಲ್ಯಾಣಿ ಅಂತ ಬೆಲೆ ಏರಿಸುತ್ತಾರೆ. ಸುಳಿ ನಂಬುವವರು ನಂಬಲಿ, ಆದರೆ ಜೀನು ಹೊರುವುದು ಬೆನ್ನು ಮತ್ತು ಕಾಲು. ಒಂದೇ ಬದಿಯ ಎರಡೂ ಕಾಲು ಒಟ್ಟಿಗೆ ಎತ್ತಿ ಹೋಗುವ ರೇವಾಲ ಚಾಲಿಗೂ ಅಲ್ಲಿ ಭಾರಿ ಬೆಲೆ. ಅದು ಕೆಟ್ಟದ್ದಲ್ಲ, ಕೂತವನಿಗೆ ತೊಟ್ಟಿಲಿದ್ದಂತೆ. ಆದರೆ ಇಂಗ್ಲಿಷ್ ಜೀನಿನ ಮೇಲೆ ಎದ್ದು ಕೂತು ಹೋಗುವ ಸವಾರಿ ಕಲಿಯಬೇಕಾದರೆ ಮುಂದಿನ ಬಲಗಾಲು, ಹಿಂದಿನ ಎಡಗಾಲು ಜೋಡಿಯಾಗಿ ಏಳುವ ಕುಕ್ಕುಲೋಟ ಬೇಕು. ಅದನ್ನು ಕೇಳಿ ಓಡಿಸಿ ನೋಡ್ರಿ.

ಬೆಳಗಿನ ಜಾವ, ಕುದುರೆ ಇನ್ನೂ ಗೂಟದಲ್ಲಿದ್ದಾಗಲೇ ಹೋಗಬೇಕು. ಮೊದಲೇ ಓಡಿಸಿ ದಣಿಸಿಟ್ಟ ಕುದುರೆ ಸಾಧುವಾಗಿಯೇ ಕಾಣುತ್ತದೆ. ಗಟ್ಟಿ ನೆಲದ ಮೇಲೆ ಸಡಿಲ ಹಗ್ಗದಲ್ಲಿ ಓಡಿಸಿದರೆ ಮುಂಗಾಲು ಕುಂಟುವ ಕುದುರೆ, ನೋಯುವ ಕಾಲು ಊರಿದಾಗ ತಲೆ ಮೇಲೆತ್ತುತ್ತದೆ. ಆಮೇಲೆ ಮಾರುವವನೇ ಮೊದಲು ಹತ್ತಲಿ. ಹತ್ತುವಾಗ ಅಲುಗದೆ ನಿಲ್ಲುತ್ತದೋ, ಜೊತೆಗಿದ್ದ ಕುದುರೆ ಬಿಟ್ಟು ಒಂಟಿಯಾಗಿ ಹೋಗುತ್ತದೋ, ಟ್ರ್ಯಾಕ್ಟರಿನ ಸದ್ದಿಗೆ ಏನು ಮಾಡುತ್ತದೋ ನೋಡಬೇಕು. ನನ್ನ ಲೆಕ್ಕದಲ್ಲಿ ಈ ಮೂರರ ಮುಂದೆ ಬಣ್ಣ ಲೆಕ್ಕಕ್ಕಿಲ್ಲ.

ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದನೇ ಒಂದು ಭಾಗ ಮೀರಬಾರದು. ತೂಕಕ್ಕೆ ಟೇಪು ಸಾಕು. ಎದೆಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಹೆಗಲ ಮುಂತುದಿಯಿಂದ ಪೃಷ್ಠದ ತುದಿವರೆಗಿನ ಉದ್ದದಿಂದ ಮತ್ತೆ ಗುಣಿಸಿ, 11,880ರಿಂದ ಭಾಗಿಸಿರಿ. ಅಳತೆ ಸೆಂಟಿಮೀಟರಿನಲ್ಲಿ, ಉತ್ತರ ಕಿಲೋದಲ್ಲಿ. ಎದೆ 150, ಉದ್ದ 145 ಇದ್ದರೆ ಸುಮಾರು 275 ಕಿಲೋ. ಅದು ಹೊರುವುದು 55 ಕಿಲೋ ಮಾತ್ರ. ಈಚೆಗೆ ದೇಶಿ ತಳಿಯೆಂದು ನೋಂದಣಿಯಾದ ಭೀಮಥಡಿ ಕುದುರೆ ಗಟ್ಟಿ, ನಮ್ಮ ಬಿಸಿಲು ತಡೆಯುತ್ತದೆ, ಆದರೆ ಗಿಡ್ಡ. ಎಪ್ಪತ್ತು ಕಿಲೋದ ಆಳಿಗೆ ನಾನೂರು ಕಿಲೋ ಹತ್ತಿರದ್ದು ಬೇಕು. ರೇಸು ಬಿಟ್ಟ ಎತ್ತರದ ಕುದುರೆ ಅಗ್ಗಕ್ಕೆ ಸಿಕ್ಕರೆ ಮೊಣಕಾಲ ಕೆಳಗೆ ಹಿಂಬದಿಯ ನರ ಬೆರಳಾಡಿಸಿ ನೋಡ್ರಿ. ಬಾವು, ಬಿಸಿ ಇದ್ದರೆ ಬೇಡ.

ವಯಸ್ಸು ಹಲ್ಲಿನಲ್ಲಿದೆ. ಎರಡೂವರೆಗೆ ನಡುವಿನ ಜೋಡಿ ಹಾಲುಹಲ್ಲು ಬೀಳುತ್ತದೆ, ಐದಕ್ಕೆ ಬಾಯಿ ತುಂಬುತ್ತದೆ. ಹೊಸದಾಗಿ ಸವಾರಿ ಕಲಿಯುವವರಿಗೆ ಎಳೆಯ ಕುದುರೆಗಿಂತ ಹತ್ತು ದಾಟಿದ್ದೇ ಒಳ್ಳೇದು.

ರೊಕ್ಕ ಕೊಡುವ ಮೊದಲು ಪಶುವೈದ್ಯರಿಂದ ರಕ್ತ ತೆಗೆಸಿ ಗ್ಲ್ಯಾಂಡರ್ಸ್ ಪರೀಕ್ಷೆ ಮಾಡಿಸಬೇಕು. ಈ ರೋಗದ ಪರೀಕ್ಷೆ ಹರಿಯಾಣದ ಹಿಸಾರಿನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ಆಗುತ್ತದೆ. ಮನುಷ್ಯರಿಗೂ ಅಂಟುವ ರೋಗವಿದು, ಖಾತ್ರಿಯಾದ ಕುದುರೆಯನ್ನು ಕೊಲ್ಲಲೇಬೇಕಾಗುತ್ತದೆ.

ಮೇವಿನ ಮಾತು. ಕಬ್ಬಿನ ಸೀಮೆಯ ನಾವು ಎಮ್ಮೆಗೆ ಹಾಕಿದ್ದನ್ನೇ ಕುದುರೆಗೂ ಹಾಕುತ್ತೇವೆ. ಕುದುರೆ ಮೆಲುಕು ಹಾಕುವುದಿಲ್ಲ, ವಾಂತಿ ಮಾಡಲಾರದು. ಬೂಸು ಬಂದ ಕಣಿಕೆ, ಒರಟು ಸೋಗೆ, ಒಮ್ಮೆಲೇ ಹೆಚ್ಚಿಸಿದ ಕಾಳು, ಯಾವುದೂ ಹೊಟ್ಟೆಶೂಲೆ ತರಬಹುದು. ಒಣ ಹುಲ್ಲೇ ಮುಖ್ಯ ಆಹಾರ, ಸ್ವಲ್ಪ ಸ್ವಲ್ಪ, ದಿನವಿಡೀ.

ಇನ್ನು ಲಾಳ. ಎತ್ತಿನದು ಸೀಳುಗೊರಸು, ಕುದುರೆಯದು ಒಂದೇ ಗೊರಸು, ಕೆಲಸವೇ ಬೇರೆ. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕೆತ್ತಿಸಬೇಕು. ಕುದುರೆಗೆ ಲಾಳ ಕಟ್ಟುವವರು ಹತ್ತಿರದ ಯಾವ ಊರಲ್ಲಿ ಸಿಗುತ್ತಾರೆ ಅಂತ ವಿಚಾರಿಸಿಕೊಂಡೇ ಸಂತೆಗೆ ಹೊರಡಿರಿ.